ನಾಯಿಯೋ ನೀರುನಾಯಿಯೋ

ಮನಾಮಾದ ಓಣಿಯಲ್ಲಿ ನನ್ನ ಕೆಲಸ ಹೆಸರು ಕೆತ್ತುವುದು.
ಕ್ರಿಕೆಟ್ ಕಪ್ಪು, ಬಾಗಿಲ ಫಲಕ, ಕಾವಲುಗಾರನ ಎದೆಯ ಬಿಲ್ಲೆ,
ನಿವೃತ್ತನಾದವನಿಗೆ ಕಂಪನಿ ಕೊಡುವ ಹಿತ್ತಾಳೆಯ ಹಡಗು.
ಇಪ್ಪತ್ತೆಂಟು ವರ್ಷದಲ್ಲಿ ಅಕ್ಷರ ತಪ್ಪಿದ್ದು ಮೂರೇ ಸಲ,
ಅದರಲ್ಲಿ ಎರಡು ಬರೆದುಕೊಟ್ಟವರದೇ.

ನವೆಂಬರಿನ ಸಂಜೆ, ಮಗ್ರಿಬ್ ಬಾಂಗಿನ ಹೊತ್ತಿಗೆ
ಶಾಲೆಯ ನರ್ಸು ಐಲ್ಸಾ ಬಂದು ಕರವಸ್ತ್ರ ಬಿಚ್ಚಿದಳು.
ಒಳಗೊಂದು ಬೆಳ್ಳಿಯ ಬಿಲ್ಲೆ, ಅಜ್ಜನ ಟೊಪ್ಪಿಯದಂತೆ.
ಸುತ್ತ ನಡುಪಟ್ಟಿ, ಬಕ್ಕಲ್ಲು ಸಮೇತ,
ಬಿಗಿದು ಉಳಿದ ತುದಿ ಕೆಳಗೆ ಜೋತುಬಿದ್ದಿದೆ.
ಪಟ್ಟಿಯ ಮೇಲೆ ಮೂರು ಮಾತು, ಎರಡು ಸವೆದಿವೆ.
ನಡುವೆ ಒಂದು ಪ್ರಾಣಿ.
ಯಾರದೋ ಹೆಬ್ಬೆರಳು ಅದರ ಮುಖವನ್ನು ತಿಂದುಬಿಟ್ಟಿದೆ.

"ಪಿನ್ನು ಮುರಿದಿದೆ. ಶನಿವಾರ ನಮ್ಮ ಸ್ಕಾಟ್ಲೆಂಡಿನವರ ಕುಣಿತ.
ಆಗುವುದಾದರೆ ಪ್ರಾಣಿಯನ್ನೂ ಹೊಸದಾಗಿ ಕೊರೆದುಕೊಡು."
ಯಾವ ಪ್ರಾಣಿ?
"ಅಮ್ಮ ನಾಯಿ ಅನ್ನುತ್ತಿದ್ದಳು. ಅಜ್ಜ, ನೀರುನಾಯಿ."
ಭೂತಗನ್ನಡಿ ಹಿಡಿದೆ. ಬಾಲ ಇತ್ತು. ಕಿವಿ ಇರಲಿಲ್ಲ.
ನಮ್ಮ ಭಾಷೆಯಲ್ಲಿ, ಎಂದೆ,
ಅವೆರಡರ ನಡುವೆ ಇರುವುದು ಬರೀ ನೀರು.

ಪಟ್ಟಿ ಎಂತಕ್ಕೆ?
ಒಡೆಯನ ಬಿಲ್ಲೆಗೆ ಅದಿಲ್ಲ, ಅಂದಳು. ಅವನ ಮಂದಿಗೆ ಮಾತ್ರ.
ನಾನು ಯಾರವಳು ಎಂದು ಹೇಳುವ ಬಕ್ಕಲ್ಲು ಅದು.
ಕೈ ತಾನಾಗಿ ಕಿಸೆಗೆ ಹೋಯಿತು.
ಅಲ್ಲಿ ನನ್ನ ಕಾರ್ಡು, ನನ್ನ ಕಫೀಲನ ಹೆಸರು.

"ನಿಮ್ಮ ಕುಲ ಯಾವುದು, ಮಿಸ್ಟರ್ ಕೊಡೇರಿ?"
ಕೊಡೇರಿ ನನ್ನ ಊರು ತಾಯೀ, ಅಲೆ ಬಡಿಯುವ ಒಂದು ದಂಡೆ.
ಫಾರಮ್ಮಿನಲ್ಲಿ ಒಂದು ಖಾನೆ ಖಾಲಿ ಬಿಡುವಂತಿಲ್ಲವೆಂದು
ಮುಂಬಯಿಯ ಏಜೆಂಟು ತುಂಬಿಸಿದ್ದು.
ಅಂದಿನಿಂದ ಇಡೀ ಊರು ನಾನೇ,
ಅದರ ಬಲೆ, ದೋಣಿ, ಒಣಮೀನಿನ ವಾಸನೆ ಸಹಿತ.

ನಮ್ಮಲ್ಲಿ ಕುಲಕ್ಕೆ ಬಳಿ ಅನ್ನುವುದು.
ಬಳಿ ಎಂದರೆ ಹತ್ತಿರ ಎಂದೂ ಅರ್ಥ.
(ಸಮುದ್ರದ ಈ ಕಡೆ ಕೂತು ಆ ಪದ ಬಿಡಿಸಿ ಹೇಳುವಾಗ
ನನಗೇ ನಗು ಬಂತು.)
ಅದು ತಾಯಿಯಿಂದ ಇಳಿದು ಬರುವುದು. ನಾನು ತಿಂಗಳಾಯ.
ತಿಂಗಳು ಎಂದರೆ ಚಂದ್ರ. ಸಂಬಳವೂ ಅದಕ್ಕೇ ಕಾಯುತ್ತದೆ.
ಮಗಳು ಮೆಂಡನ್, ಅವಳ ಅಮ್ಮನ ಬಳಿ.
ಅಕ್ಕನಿಗೆ ಹುಟ್ಟಿದ್ದು ಎರಡೂ ಗಂಡು.
ಅಲ್ಲಿಗೆ ನಮ್ಮ ಮನೆಯ ಚಂದ್ರ ಮುಳುಗಿದ.

ಐಲ್ಸಾ ಸ್ವಲ್ಪ ಹೊತ್ತು ಕಪಾಟಿನ ಕಪ್ಪುಗಳನ್ನು ನೋಡಿದಳು.
ಯಾರೂ ಇನ್ನೂ ಗೆಲ್ಲದವು, ಹೆಸರಿಲ್ಲದವು.
ಆಮೇಲೆ ಅಂದಳು, ಬೆಲೆ ಕೇಳುವ ದನಿಯಲ್ಲಿ:
"ಅಜ್ಜ ಬೆಳೆದದ್ದು ಅನಾಥಾಲಯದಲ್ಲಿ.
ನಮ್ಮ ಮನೆತನದ ಹೆಸರು ಅಲ್ಲಿಯ ಅಡುಗೆಯವಳದ್ದು.
ಬಿಲ್ಲೆಯನ್ನು ಗ್ಲಾಸ್ಗೋದ ಗುಜರಿಯಲ್ಲಿ ಕೊಂಡದ್ದು,
ಮದುವೆಯ ಹಿಂದಿನ ದಿನ. ಶೇಂಗಾ ಪೊಟ್ಟಣದ ಜೊತೆ."

ಹಾಗಾದರೆ ಈ ಸವೆತ ಯಾರದ್ದು, ಕೇಳಿದೆ.
ಯಾವ ಮನೆಯ ಯಾವ ಹಿರಿಯನದೋ?

"ಅಲ್ಲ. ಅದು ಅವನದ್ದೇ.
ರೇಡಿಯೋ ಕೇಳುತ್ತ ಹೀಗೆ ಉಜ್ಜುತ್ತಿದ್ದ."
ತೋರಿಸಿದಳು, ಹೆಬ್ಬೆರಳು ಗಾಳಿಯಲ್ಲಿ ಆಡಿತು.

ಉಳಿಗಳ ಡಬ್ಬಿ ತೆರೆದಿದ್ದೆ. ಮುಚ್ಚಿದೆ.
ಪಿನ್ನು ಬೆಸೆದೆ, ಊದಿದೆ, ಬಟ್ಟೆಯಲ್ಲಿ ಒರೆಸಿದೆ,
ಹಿಂಬದಿ ಮಾತ್ರ.

ಬಿಲ್ಲೆಯ ಹಿಂದೆ ಅವರ ಕುಲದ ಗಿಡದ ಕಡ್ಡಿ ಸಿಕ್ಕಿಸಬೇಕಂತೆ.
ಇಲ್ಲಿ ಎಲ್ಲಿ ಸಿಗಬೇಕು?
ಎದುರು ಗಾಡಿಯವನ ಹತ್ತಿರ ಮಶ್ಮೂಮ್ ಇತ್ತು,
ಇಲ್ಲಿನ ಹೆಂಗಸರು ಮುಡಿಯುವ, ಕಾಮಕಸ್ತೂರಿಯ ತಂಗಿಯಂಥ ಸೊಪ್ಪು.
ಒಂದು ಎಸಳು ಕಿತ್ತು ಕೊಟ್ಟ, ದುಡ್ಡು ಬೇಡವೆಂದ.

ರಸೀದಿ ಬರೆಯುವಾಗ ಸಾಮಾನಿನ ಸಾಲಿನಲ್ಲಿ ಪೆನ್ನು ನಿಂತಿತು.
'ನಾಯಿ' ಬರೆದೆ. ಹಿಂದೆ 'ನೀರು' ಸೇರಿಸಿದೆ. ಎರಡನ್ನೂ ಹೊಡೆದೆ.

ಬೆಳ್ಳಿ ಬಿಲ್ಲೆ ಒಂದು. ಪ್ರಾಣಿ ಇದ್ದ ಹಾಗೇ ಇದೆ.
ಪಿನ್ನು ಹೊಸದು. ಎರಡೂವರೆ ದಿನಾರ್.